ಮಗುಚಿಟ್ಟ ಮರಿಗೆ

ಕಳೆದ ಬೇಸಿಗೆಯಲ್ಲಿ ಭಟ್ಕಳದ ಒಂದು ಮದುವೆಗೆ ಹೊರಟವನು ದಾರಿಯಲ್ಲಿ ಶಿರಾಲಿಗೇ ಬಸ್ಸಿಳಿದೆ. ಮುಹೂರ್ತಕ್ಕೆ ಇನ್ನೂ ವೇಳೆ ಇತ್ತು. ಹೊತ್ತಿಗೆ ಮೊದಲೇ ಹೋಗಿ ಚಪ್ಪರದಡಿ ಬೀಸಣಿಗೆ ಹಿಡಿದು ಕೂರುವುದಕ್ಕಿಂತ ಸ್ವಲ್ಪ ನಡೆದರೆ ಕಾಲಿಗೆ ಒಳ್ಳೆಯದು ಎಂದುಕೊಂಡೆ. ಈ ರಸ್ತೆಯಲ್ಲಿ ನಡೆಯುವುದೇ ಒಂದು ಕಾಲಕ್ಕೆ ನನ್ನ ಉದ್ಯೋಗವಾಗಿತ್ತು. ಆಗ ಇದು ಕೆಂಪು ಮಣ್ಣಿನ ರಸ್ತೆ. ಈಗ ಡಾಂಬರು. ಅಂಚು ನೆಟ್ಟಗಿದೆ, ಮೋರಿಗಳ ಹೂಳನ್ನು ಮಾತ್ರ ಯಾರೂ ತೆಗೆಸಿದಂತೆ ಕಾಣಲಿಲ್ಲ.

ಪೇಟೆ ದಾಟಿ ಬಡಗಲಿಗೆ ನಡೆದರೆ ರಸ್ತೆಯ ಮೂಡು ಬದಿಯಲ್ಲಿ ಒಂದು ಚಹದ ಅಂಗಡಿ. ಅದರ ಬಾಗಿಲಿಗೆ ಮೆಟ್ಟಿಲಾಗಿ ಒಂದು ಉದ್ದನೆಯ ಕಪ್ಪು ಕಲ್ಲು. ಬಂದವರು ಅದರ ಮೇಲೆ ಕಾಲಿಟ್ಟು ಒಳಗೆ ಹೋಗುತ್ತಿದ್ದರು, ಕೂತು ಬೀಡಿಯ ಬೂದಿ ಕೊಡವುತ್ತಿದ್ದರು. ಅದರ ಒಂದು ಮೂಲೆ ಒಡೆದಿತ್ತು. ಆ ಮೂಲೆ ಒಡೆದದ್ದು ನನ್ನ ಹಾರೆಯಿಂದ. ನಾನು ಅಲ್ಲೇ ನಿಂತೆ.

"ಚಾ ಬೇಕಾ ಅಜ್ಜಾರೆ? ಬನ್ನಿ, ಕೂತ್ಕಣಿ. ಕಲ್ಲು ಗಟ್ಟಿ ಅದೆ, ಎಂತದೂ ಆಗೂದಿಲ್ಲ," ಎಂದ ಅಂಗಡಿಯವನು.

"ಇದು ಬರೀ ಕಲ್ಲಲ್ಲ. ದನಕ್ಕೆ ನೀರು ಕುಡಿಸುವ ಮರಿಗೆ. ಮಗುಚಿ ಇಟ್ಟಿದೆ," ಎಂದೆ.

"ಹೌದಾ? ನಾವು ಬಂದಾಗ್ಲೂ ಹಿಂಗೇ ಇತ್ತು. ಅದ್ರ ಹಿಂದೆ ಅಂಗಡಿ ಕಟ್ಟಿದ್ದು." ಅವನು ಬಗ್ಗಿ ಕಲ್ಲಿನ ಅಂಚನ್ನು ಮುಟ್ಟಿ ನೋಡಿದ. "ಹಂಗಾರೆ ನಾಕು ಜನ ಸೇರಿ ತಿರುಗ್ಸಿ ಇಟ್ರೆ ಆತು. ಬೇಸಗೇಲಿ ದನ ಆದ್ರೂ ನೀರು ಕುಡೀತವೆ."

"ಬೇಡ," ಎಂದೆ. ದನಿ ಜೋರಾಯಿತೆಂದು ಕಾಣುತ್ತದೆ. ಒಳಗೆ ಕೂತವರು ತಿರುಗಿ ನೋಡಿದರು.

ಚಹ ನಿಂತೇ ಕುಡಿದೆ.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಮುಂಬಯಿ ಸರಕಾರದ ರಸ್ತೆ ಖಾತೆಯಲ್ಲಿ ಹೊಸದಾಗಿ ಸೇರಿದ ಕಾರಕೂನ. ಹುಟ್ಟಿದ್ದು ಕುಮಟೆಯ ಹತ್ತಿರದ ಬಾಡದಲ್ಲಿ, ಕಡಲ ಮರಳಿನ ಮೇಲೆ. ಕಾಡು ಎಂದರೆ ನನಗೆ ಮೂಡು ದಿಕ್ಕಿನಲ್ಲಿ ಕಾಣುವ ಒಂದು ನೀಲಿ ಗೆರೆ, ಅಷ್ಟೆ. ನನ್ನ ಮೇಲಿನ ಓವರಸೀಯರರು ಶಿಸ್ತಿನ ಮನುಷ್ಯ. ಸೂರ್ಯ ಮೂಡುವ ಮೊದಲು ರಸ್ತೆಯ ಮೇಲಿರಬೇಕು. ಗಡ್ಡ ಹೆರೆದಿರಬೇಕು. ಕೈಯಲ್ಲಿ ಗುಂಡಿ ಅಳೆಯುವ ಕಬ್ಬಿಣದ ಸರಳು ಇರಬೇಕು. ಮಳೆಗಾಲಕ್ಕೆ ಮೊದಲು ಮೈಲುಗಲ್ಲುಗಳಿಗೆಲ್ಲ ಸುಣ್ಣ ಬಳಿದಿರಬೇಕು. ಈ ಅಭ್ಯಾಸಗಳು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಸರಳು ಒಂದಿಲ್ಲ.

ನನಗೆ ಕೊಟ್ಟ ರಸ್ತೆಯ ತುಂಡು ಶಿರಾಲಿಯಿಂದ ಬಡಗಲಿಗೆ. ವಾಸಕ್ಕೆ ಮಾದೇವ ನಾಯ್ಕನ ಜಗುಲಿಯ ಪಕ್ಕದ ಕೋಣೆ. ಮಾದೇವ ನನ್ನ ಗ್ಯಾಂಗಿನ ಮುಕಾದಮ, ಆಳುಗಳ ಮೇಸ್ತ್ರಿ. ಗ್ಯಾಂಗು ಎಂದರೆ ಆ ಕೇರಿಯ ಒಕ್ಕಲುಗಳೇ. ಬತ್ತ ಕೊಯ್ದಾದ ಮೇಲೆ ಮಳೆ ಬರುವವರೆಗೆ ರಸ್ತೆಗೆ ಹಾಸುವ ಜಲ್ಲಿ ಖಡಿ ಒಡೆಯುವರು. ಮೊದಲ ಮಳೆ ಬಿದ್ದ ಕೂಡಲೇ ಬುಟ್ಟಿ, ಸುತ್ತಿಗೆ ಎಲ್ಲ ಬಿದ್ದಲ್ಲೇ ಬಿಟ್ಟು ಗದ್ದೆಗೆ ಓಡುವರು. ನಾನು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. "ಕಾರ್ಕೂನ್ರೆ, ರಸ್ತೆ ಎಲ್ಲಿಗೂ ಹೋಗೂದಿಲ್ಲ, ಮಳೆ ಹೋತದೆ," ಎಂದು ಮಾದೇವ ಓಡುತ್ತಲೇ ಹೇಳಿದ್ದು ಮೊದಲನೆಯ ವರ್ಷದ ನೆನಪು.

ನಗುವ ಮನುಷ್ಯ ಅವನು. ನನ್ನ ಶಿಸ್ತು ಅವನಿಗೆ ದಿನದ ತಮಾಷೆ. "ಕಾರ್ಕೂನ್ರು ಎದ್ರು ಹೇಳಿ ಗೊತ್ತಾದ ಮೇಲೇ ಕೋಳಿ ಕೂಗೂದು ನಮ್ಮಲ್ಲಿ," ಎಂದು ಹೆಂಡತಿ ದೇವಿಗೆ ಕೇಳುವಂತೆ ಹೇಳುತ್ತಿದ್ದ. ಅವನ ಬಳಿ ಒಂದು ಜೋಡಿ ಉಳುವ ಕೋಣ ಇದ್ದವು. ಅಂಥ ಜೋಡಿ ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಸಂಜೆ ರಸ್ತೆಯ ಕೆಲಸ ಮುಗಿಸಿ ಬಂದವನು ತಾನು ಕೈಕಾಲು ತೊಳೆಯುವ ಮೊದಲು ಅವುಗಳ ಮೈ ತೊಳೆಯುತ್ತಿದ್ದ. ಗದ್ದೆ ಒಡೆಯರದು, ಗೇಣಿಗೆ ಮಾಡಿದ್ದು. ಒಡೆಯರ ಮಾತು ಒಂದೇ: ಹೊತ್ತಿಗೆ ಸರಿಯಾಗಿ ಉತ್ತು ನೆಟ್ಟವನದು ಗದ್ದೆ, ಬೀಳು ಬಿಟ್ಟರೆ ಮರುವರ್ಷ ಬೇರೆಯವರದು. ಆದ್ದರಿಂದ ಆ ಮನೆ ನಿಂತದ್ದು ಆ ಎರಡು ಕೋಣಗಳ ಹೆಗಲ ಮೇಲೆ.

ಮನೆಯಲ್ಲಿ ಇನ್ನೊಬ್ಬರೆಂದರೆ ಮಾದೇವನ ತಾಯಿ ನಾಗಮ್ಮ. ನೆಟ್ಟಿಯ ಕಾಲಕ್ಕೆ ಗದ್ದೆಯ ಅಂಚಿನಲ್ಲಿ ನಿಂತು ಹಾಡು ಎತ್ತಿಕೊಡುವವಳು ಅವಳೇ. ಅವಳು ಒಂದು ಸಾಲು ಹಾಡಿದರೆ ನೆಡುವ ಹೆಂಗಸರು ಬಗ್ಗಿಕೊಂಡೇ ಮುಂದಿನ ಸಾಲು ಹೇಳುವರು. ಅವಳಿಗೂ ಒಂದು ತಪ್ಪದ ದಿನಚರಿ ಇತ್ತು. ದಿನಾ ಬೆಳಿಗ್ಗೆ ಅಕ್ಕಿ ತೊಳೆದ ಅಕ್ಕಚ್ಚನ್ನು ತಲೆಯ ಮೇಲೆ ಹೊತ್ತು ತಂದು ರಸ್ತೆ ಬದಿಯ ಕಲ್ಲಿನ ಮರಿಗೆಗೆ ಸುರಿಯುವಳು. ಗಾಡಿಯ ಎತ್ತುಗಳಿಗೆಂದು ಖಾತೆಯವರು ಹಿಂದೆ ಯಾವಾಗಲೋ ಇಡಿಸಿದ ಮರಿಗೆ ಅದು. ಮೇಯಲು ಹೋದ ಕೇರಿಯ ದನಗಳು ಸಂಜೆ ಅದರಲ್ಲಿ ಬಾಯಿ ಹಾಕಿ ಮನೆಗೆ ಹೋಗುತ್ತಿದ್ದವು.

ಮನೆಯಲ್ಲೇ ಕೊಟ್ಟಿಗೆ ಇರುವಾಗ ಅಕ್ಕಚ್ಚು ರಸ್ತೆಗೆ ಯಾಕೆ ಎಂದು ಕೇಳಿದೆ.

"ನಮ್ಮ ಬಸವ ಬಂದ್ರೆ ಕುಡೀಲಿ ಹೇಳಿ," ಎಂದಳು.

ಆಮೇಲೆ ಮಾದೇವ ವಿವರಿಸಿದ. ಅವನು ಹರೆಯದವನಿದ್ದಾಗ ಚಳಿಜ್ವರ ಬಂದು ಚಾಪೆ ಹಿಡಿದಿದ್ದ. ನಾಗಮ್ಮ ಗುಡ್ಡದ ಜಟ್ಟಿಗ ದೇವರಿಗೆ ಹೇಳಿಕೊಂಡಳು: ಮಗ ಎದ್ದರೆ ಮನೆಯಲ್ಲಿ ಹುಟ್ಟಿದ ಹೋರಿಗರುವನ್ನು ನಿನಗೆ ಬಿಡುತ್ತೇನೆ. ಮಗ ಎದ್ದ. ಕರುವಿನ ಬಲಗಿವಿ ಸೀಳಿ, ಅರಿಸಿನ ಹಚ್ಚಿ, ಕಾಡಿನ ಅಂಚಿಗೆ ಬಿಟ್ಟು ಬಂದರು. ಬಿಡುಬಸವನನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಸಾಮಾನ್ಯವಾಗಿ ಅಂಥ ಬಸವ ಊರಲ್ಲೇ ತಿರುಗಿಕೊಂಡಿರುತ್ತದೆ. ಇದು ಮಾತ್ರ ಗುಡ್ಡ ಹತ್ತಿ ಹೋದದ್ದು ಮರಳಲಿಲ್ಲ.

"ಹುಲಿ ತಿಂತು ಹೇಳಿ ನಾನು," ಎಂದ ಮಾದೇವ ದನಿ ತಗ್ಗಿಸಿ. "ಅಬ್ಬೆ ಹತ್ರ ಹೇಳಬೇಡಿ. ನನ್ನ ಬದಲಿಗೆ ಹೋದದ್ದಲ್ಲವೋ, ಅದು ಬದುಕಿ ಅದೆ ಹೇಳಿಯೇ ಅವಳ ಲೆಕ್ಕ."

ನಾನು ಅಲ್ಲಿಗೆ ಬಂದ ಮರುವರ್ಷದ ಬೇಸಿಗೆಯಲ್ಲಿ ಗುಡ್ಡದ ಕಡೆಯಿಂದ ಹಗಲೆಲ್ಲ ಕೊಡಲಿಯ ಸದ್ದು. ಯುದ್ಧಕ್ಕೆ ಮರ ಬೇಕಿತ್ತು, ಪೆಟ್ರೋಲು ಸಿಗದೆ ಇದ್ದಲಿ ಹೊಗೆಯಲ್ಲಿ ಓಡುವ ಬಸ್ಸುಗಳಿಗೆ ಇದ್ದಲಿ ಬೇಕಿತ್ತು. ದಿಮ್ಮಿ ಹೊತ್ತ ಲಾರಿಗಳು ನಾವು ಹಾಸಿದ ಖಡಿಯನ್ನು ಪುಡಿ ಮಾಡಿ ಹೋಗುತ್ತಿದ್ದವು. ಕಾಡಿನೊಳಗೆ ಅಡಗಿದ್ದ ಜೀವಗಳು ಒಂದೊಂದಾಗಿ ಕೆಳಗೆ ಬರತೊಡಗಿದವು. ಬೆಳಗಿನ ನಡಿಗೆಯಲ್ಲಿ ನಾನು ಹೆಸರು ಗೊತ್ತಿಲ್ಲದ ಪ್ರಾಣಿಗಳನ್ನು ಕಂಡೆ. ಖಡಿಯ ರಾಶಿಯ ಮಗ್ಗುಲಲ್ಲಿ ಮೈತುಂಬ ಚಿಪ್ಪಿರುವ ಒಂದು ಜೀವಿ ಚೆಂಡಿನಂತೆ ಸುತ್ತಿಕೊಂಡಿತ್ತು. ಖಡಿ ಒಡೆಯುವ ಹೆಂಗಸೊಬ್ಬಳು ಯಾರೋ ಹಲಸಿನಕಾಯಿ ಬೀಳಿಸಿ ಹೋಗಿದ್ದಾರೆಂದು ಎತ್ತಲು ಹೋಗಿ ಚೀರಿದಳು. ತೆಂಗಿನಗುಂಡಿಯಲ್ಲಿ ಕಡಲ ದಂಡೆಯ ತನಕ ಒಂದು ಕಡವೆ ಬಂದು ನಿಂತಿತ್ತಂತೆ. ಬಲೆ ಎಳೆಯುತ್ತಿದ್ದವರು ಕುದುರೆಗೆ ಕೊಂಬು ಬಂದಿದೆ ಎಂದು ಓಡಿದರೆಂದು ಮೀನು ಮಾರುವವರು ಬಂದು ಹೇಳಿದರು. ಕೇರಿಯವರು ಹೊಟ್ಟೆ ತುಂಬ ನಕ್ಕರು. ಆ ಬೇಸಿಗೆಯಲ್ಲಿ ಅವರು ನಕ್ಕದ್ದು ನನಗೆ ನೆನಪಿರುವುದು ಅದೇ ಕೊನೆ.

ಮಳೆ ಇನ್ನೇನು ಬರಬೇಕು, ಗಾಳಿ ನಿಂತು ಮೈ ಬೇಯುವ ದಿನಗಳು. ಬೆಳಕು ಹರಿಯುವಾಗ ಕೋಣೆಯಿಂದ ಹೊರಟು ರಸ್ತೆಗಿಳಿದರೆ ಮರಿಗೆಯ ಬಳಿ ಏನೋ ನಿಂತಿತ್ತು. ಮೊದಲು ಯಾರೋ ಗಾಡಿ ಬಿಟ್ಟು ಹೋಗಿದ್ದಾರೆಂದುಕೊಂಡೆ, ಅಷ್ಟು ದೊಡ್ಡದು. ಹತ್ತಿರ ಹೋದಾಗ ಅದು ಉಸಿರಾಡಿತು. ಕಪ್ಪು ಮೈ. ಬೆನ್ನಿನ ಮೇಲೆ ಕತ್ತಿನಿಂದ ನಡುವಿನ ತನಕ ಎದ್ದ ದಿಣ್ಣೆ. ಹಣೆಯಲ್ಲಿ ಬೂದಿ ಬಳಿದಂತೆ ಮಾಸಲು ಬಿಳುಪು. ನಾಲ್ಕು ಕಾಲೂ ಮೊಣಕಾಲಿನ ಕೆಳಗೆ ಬೆಳ್ಳಗೆ, ಯಾರೋ ಸುಣ್ಣದಲ್ಲಿ ಅದ್ದಿ ತೆಗೆದಂತೆ. ತಲೆ ತಗ್ಗಿಸಿ ನಿಂತಿತ್ತು. ಎರಡು ಕಣ್ಣುಗಳಿಂದಲೂ ನೀರು ಇಳಿಯುತ್ತಿತ್ತು. ಬಾಯಿಂದ ಲೋಳೆ ಜೋತು ಮರಿಗೆಯ ಅಂಚಿಗೆ ತಾಗಿತ್ತು.

ರಸ್ತೆಯಲ್ಲಿ ಅಡ್ಡಿ ಇದ್ದರೆ ತೆಗೆಸಬೇಕು, ಇದು ನಿಯಮ. ಸರಳಿನಿಂದ ಕಲ್ಲಿಗೆ ಹೊಡೆದು ಸದ್ದು ಮಾಡಿದೆ. ಅದು ಕಿವಿಯನ್ನೂ ಆಡಿಸಲಿಲ್ಲ.

ಹೊತ್ತೇರುವಾಗ ಇಡೀ ಕೇರಿ ಸೇರಿತು. ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ಭಟ್ಕಳದಿಂದ ಹೊನ್ನಾವರದ ದೋಣಿ ತಾರಿಯ ತನಕ ಓಡುವ ಇದ್ದಲಿ ಬಸ್ಸು ಬಂದು ನಿಂತಿತು. ಅದರ ಚಾಲಕ ಇಸ್ಮಾಯಿಲ್ ಸಾಬರು ನಾಲ್ಕು ಊರು ತಿರುಗಿದವರು. ಇಳಿದು ಬಂದು ದೂರದಲ್ಲೇ ನಿಂತರು.

"ತೋಬಾ! ಇದು ಜಂಗಲ್‌ದು ಮಾರಾಯ್ರೆ. ಕಾಡುಕೋಣ. ಘಾಟಿ ಮೇಲೆ ನೋಡೇನೆ ನಾನು. ದೂರ ಹೋಗಿ, ಎತ್ತಿ ಒಗೀತದೆ."

"ಎತ್ತಿ ಒಗ್ಯೂಕೆ ಅದಕ್ಕೆ ಎಂತ ಆಗೇದೆ, ಬೆಳಗಿಂದ ನಿಂತೇ ಅದೆ," ಎಂದರು ಯಾರೋ. "ಕಾಡುಕೋಣ ಮನ್ಷರನ್ನ ಕಂಡ್ರೆ ಹಾಯ್ತದಂತೆ. ಇದು ಕರು ಹಾಂಗೆ ನಿಂತದೆ."

ಆಗ ನಾಗಮ್ಮ ಅಕ್ಕಚ್ಚಿನ ಕೊಡ ಹೊತ್ತು ಬಂದಳು. ಜನ ದಾರಿ ಬಿಟ್ಟರು. ಅವಳು ಕೊಡ ಇಳಿಸಿ, ಆ ಪ್ರಾಣಿಯ ಸುತ್ತ ಒಂದು ಸುತ್ತು ಬಂದು, ಬಲಗಡೆ ನಿಂತಳು. ಅದರ ಬಲಗಿವಿ ತುದಿಯಿಂದ ನಡುವಿನ ತನಕ ಸೀಳಿತ್ತು. ಕಾಡಿನ ಮುಳ್ಳಿಗೋ ಇನ್ನೊಂದರ ಕೊಂಬಿಗೋ ಸಿಕ್ಕಿದ್ದಿರಬೇಕು. ನಾಗಮ್ಮ ಆ ಸೀಳನ್ನು ಬೆರಳಿನಿಂದ ಸವರಿದಳು.

"ಬಂದ್ಯೇನೋ ಮಗಾ," ಎಂದಳು. "ಈಗ ದಾರಿ ಕಂಡ್ತೇನೋ ನಿಂಗೆ?"

"ಅಬ್ಬೆ, ಅದ್ರ ಗಾತ್ರ ನೋಡು," ಎಂದ ಮಾದೇವ.

"ಜಟ್ಟಿಗನ ಹುಲ್ಲು ತಿಂದದ್ದಲ್ಲವೋ. ನಿನ್ನ ಕೋಣದ ಹಾಂಗೆ ಒಣಹುಲ್ಲು ತಿಂದದ್ದಾ?"

ಜನ ತಲೆದೂಗಿ ಕೈಮುಗಿದರು. ಅವರಿಗೆ ಬೇಕಾದ ಗುರುತುಗಳೆಲ್ಲ ಎದುರಿಗೇ ಇದ್ದವು. ಕಾಡುಮೃಗ ಹೀಗೆ ತಲೆ ತಗ್ಗಿಸಿ ನಿಲ್ಲುವುದಿಲ್ಲ, ಆದ್ದರಿಂದ ಇದು ಸಾಕಿದ್ದು. ಮನೆಯವರನ್ನು ಕಂಡು ಅಳುತ್ತಿದೆ, ಆದ್ದರಿಂದ ಗುರುತು ಹಿಡಿದಿದೆ. ಹಣೆಯ ಬೂದಿ ದೇವರು ಇಟ್ಟದ್ದು. ಬೇರೆಲ್ಲೂ ಹೋಗದೆ ಸೀದಾ ಇದೇ ಮರಿಗೆಗೆ ಬಂದಿದೆ. ಇಸ್ಮಾಯಿಲ್ ಸಾಬರು ತಲೆಯಾಡಿಸಿ ಬಸ್ಸು ಹತ್ತಿದರು. ನಾನು ಮಾದೇವನಿಗೆ, ಅದು ಕಾಯಿಲೆ ಬಿದ್ದ ಹಾಗಿದೆ ಎಂದೆ. "ಅಷ್ಟು ದೂರ ನಡ್ದು ಬಂದದ್ದು, ಸುಸ್ತು," ಎಂದ. ಅವನು ಪೂರ್ತಿ ನಂಬಿದ್ದನೋ ಇಲ್ಲವೋ, ಇಂದಿಗೂ ಹೇಳಲಾರೆ. ತಾಯಿಯ ಮುಖ ನೋಡಿದ ಮೇಲೆ ಅವನು ಬೇರೆ ಮಾತಾಡಲಿಲ್ಲ. ನನಗೂ ಅದಕ್ಕಿಂತ ಹೆಚ್ಚು ಹೇಳಲು ತಿಳಿದಿರಲಿಲ್ಲ. ಅರಣ್ಯದವರಿಗೆ ಒಂದು ವರದಿ ಬರೆದು ಬಸ್ಸಿಗೆ ಕೊಟ್ಟೆ.

ನಾಗಮ್ಮ ಸೆರಗು ಒದ್ದೆ ಮಾಡಿ ಅದರ ಕಣ್ಣು ಒರೆಸಿದಳು. ಅಕ್ಕಚ್ಚನ್ನು ಮರಿಗೆಗೆ ಸುರಿದಳು. ಅದು ಮೂತಿ ಅದ್ದಿತು, ಸ್ವಲ್ಪ ಕುಡಿಯಿತು, ಹೆಚ್ಚಿನದನ್ನು ಬಿಟ್ಟಿತು. ದೇವರ ಬಸವ ಕುಡಿದು ಬಿಟ್ಟ ನೀರು ಚೆಲ್ಲುವಂಥದ್ದಲ್ಲ. ಕೇರಿಯವರು ತಮ್ಮ ತಮ್ಮ ಕೊಟ್ಟಿಗೆಗೆ ಹೋಗಿ ದನ ಬಿಚ್ಚಿಕೊಂಡು ಬಂದರು. ಉಳುವ ಕಾಲ ಹತ್ತಿರ ಬಂದಿದೆ, ಎತ್ತು ಕೋಣಗಳಿಗೆ ಬಲ ಬರಲಿ ಎಂದು ಒಂದೊಂದನ್ನೂ ಅದರ ಸುತ್ತ ನಡೆಸಿ, ಮರಿಗೆಯಲ್ಲಿ ಬಾಯಿ ಹಾಕಿಸಿದರು. ಮೊದಲು ಕುಡಿಯಬೇಕಾದದ್ದು ಬಸವನ ಮನೆಯ ಜೋಡಿ. ಮಾದೇವ ತನ್ನ ಕೋಣಗಳನ್ನು ಎರಡು ಕೈಯಲ್ಲೂ ಹಿಡಿದು ತಂದ. ಅವು ಆ ವಾಸನೆಗೆ ಹಿಂದೆ ಸರಿದವು. ನಾಗಮ್ಮ ಬೆನ್ನು ತಟ್ಟಿ ಮುಂದೆ ದೂಡಿದಳು. "ಕುಡೀರಿ, ನಿಮ್ಮ ಅಣ್ಣ ಅದು."

ಅದು ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಕಾಲು ಮಡಚಿ ಮರಿಗೆಯ ಪಕ್ಕದಲ್ಲೇ ಬಿದ್ದುಕೊಂಡಿತು. ಮೈಯ ಹಿಂಭಾಗವೆಲ್ಲ ಹೊಲಸಾಗಿ ನೊಣ ಮುತ್ತಿದವು. ನಾಗಮ್ಮ ಕೂತು ಸೊಪ್ಪಿನಿಂದ ಬೀಸುತ್ತಿದ್ದಳು. ಸತ್ತಾಗ ಹಳದಿ ಬಟ್ಟೆ ಹೊದೆಸಿ, ಹೂ ಹಾಕಿ, ರಸ್ತೆಯ ಆಚೆ ಬದಿ ಗುಂಡಿ ತೆಗೆದು ಹೂತರು. ಗುಂಡಿಗೆ ಇಳಿಸಲು ಕೇರಿಯ ಗಂಡಸರೆಲ್ಲ ಬೇಕಾದರು. ಅದಕ್ಕೆ ಹಗ್ಗ ಹಾಕಿ ಎಳೆದದ್ದೂ ಮಾದೇವನ ಕೋಣಗಳೇ.

ನಾಗಮ್ಮ ಸಮಾಧಾನದಲ್ಲಿದ್ದಳು. "ಮನೆಗೆ ಬಂದು ಪ್ರಾಣ ಬಿಡ್ತಲ್ಲ. ಕಾಡಲ್ಲಿ ಯಾರು ನೀರು ಬಿಡ್ತಿದ್ರು ಅದ್ರ ಬಾಯಿಗೆ?"

ಮುಂದಿನ ವಾರದಲ್ಲಿ ಮಾದೇವನ ಒಂದು ಕೋಣ ಹುಲ್ಲು ಮುಟ್ಟಲಿಲ್ಲ. ಮರುದಿನ ಅದರ ಕಣ್ಣಿಂದ ನೀರು ಇಳಿಯತೊಡಗಿತು. ಮಾದೇವ ನನ್ನನ್ನು ಕರೆದು ತೋರಿಸಿದ. ತಲೆ ತಗ್ಗಿಸಿದ ಅದೇ ನಿಲುವು, ಅದೇ ಲೋಳೆ. ಅದೇ ಸಂಜೆ ಪಕ್ಕದ ಮನೆಯಲ್ಲಿ, ಆಮೇಲೆ ಕೇರಿಯ ತುದಿಯ ಮನೆಯಲ್ಲಿ.

ದನದ ಡಾಕ್ಟರು ಇದ್ದದ್ದು ಕುಮಟೆಯಲ್ಲಿ. ನಾನು ಬೆಳಗಿನ ಬಸ್ಸಿಗೆ ಹೊರಟೆ. ಮಂಕಿಯ ಏರಿನಲ್ಲಿ ಬಸ್ಸು ನಿಂತಿತು. ಇಸ್ಮಾಯಿಲ್ ಸಾಬರು ಹಿಂಬದಿಯ ಒಲೆಗೆ ಇದ್ದಲಿ ತುಂಬಿ, ಕೈಚಕ್ರ ತಿರುಗಿಸಿ ಗಾಳಿ ಹಾಕಿದರು; ನಾವೆಲ್ಲ ಇಳಿದು ದೂಡಿದೆವು. ಯಾರ ಮನೆಯ ಕಾಡು ಸುಟ್ಟು ಮಾಡಿದ ಇದ್ದಲಿಯೋ ಎಂದು ಆಗ ಅನ್ನಿಸಿತು. ಹೊನ್ನಾವರದ ತಾರಿಯಲ್ಲಿ ದೋಣಿ ಆಚೆ ದಡದಲ್ಲಿತ್ತು. ಕಾದೆ. ಹೊಳೆ ದಾಟಿ, ಇನ್ನೊಂದು ಬಸ್ಸು ಹಿಡಿದು ಕುಮಟೆ ಮುಟ್ಟುವಾಗ ಹೊತ್ತು ಇಳಿದಿತ್ತು.

ಡಾಕ್ಟರು ಧಾರವಾಡದ ಕಡೆಯವರು. ನಾನು ಹೇಳುವುದನ್ನು ಪೂರ್ತಿ ಕೇಳಿದರು.

"ಮೊದಲ ಸತ್ತದ್ದು ಯಾವುದ್ರಿ?"

ಹೇಳಿದೆ. ಕಪ್ಪು ಮೈ, ಬಿಳಿಯ ಕಾಲು, ಮರಿಗೆ, ದನಗಳಿಗೆ ಕುಡಿಸಿದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ದೊಡ್ಡ ರೋಗರೀ, ದನ ಎಮ್ಮಿ ಕೊಲ್ಲೋ ಜಡ್ಡು. ಕಾಡಿನಾಗ ಹೊಕ್ಕೈತಿ. ಕಾಡುಕೋಣ ಹಿಂಡು ಹಿಂಡೇ ಸಾಯಾಕತ್ತಾವ ಅಂತ ಸುದ್ದಿ ಐತಿ. ಗುಡ್ಡದ ಬುಡದ ಊರುಗಳಿಗೆ ಅದು ತಾನಾಗೇ ಬಂತು. ನೀವು ಕರೆದು ಕುಡಿಸೀರಿ."

ಲಸಿಕೆ ಅವರ ಹತ್ತಿರ ಇದ್ದದ್ದು ಸ್ವಲ್ಪ. ಹೆಚ್ಚಿನದಕ್ಕೆ ಮೇಲಿನಿಂದ ಬರಬೇಕು, ಯುದ್ಧದ ಕಾಲ, ಯಾವಾಗ ಬರುತ್ತದೋ. ಇದ್ದದ್ದನ್ನೇ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಮರುದಿನ ನನ್ನೊಡನೆ ಹೊರಟರು. ತಾರಿ ದಾಟುವಾಗ ಪಡುವಣದ ಆಕಾಶ ಕಪ್ಪಾಗಿತ್ತು. ಶಿರಾಲಿಗೆ ಬಂದಾಗ ಮಾದೇವನ ಒಂದು ಕೋಣ ಸತ್ತಿತ್ತು. ಇನ್ನೊಂದು ಮಲಗಿತ್ತು.

"ಇದಕ್ಕೆ ಹಾಕಿ," ಎಂದ ಮಾದೇವ, ಡಾಕ್ಟರ ಡಬ್ಬಿಯನ್ನೇ ನೋಡುತ್ತ.

"ಬಿದ್ದದ್ದಕ್ಕ ಹಾಕಿದ್ರ ಉಪಯೋಗ ಇಲ್ಲಪ. ನಿಂತದ್ದಕ್ಕ ಹಾಕಬೇಕು."

"ಎಬ್ಬಿಸ್ತೇನೆ. ಈಗ ಎಬ್ಬಿಸ್ತೇನೆ." ಅವನು ಕೋಣದ ಕುತ್ತಿಗೆಯ ಕೆಳಗೆ ಹೆಗಲು ಕೊಟ್ಟು ಎತ್ತಿದ. ದೇವಿ ಹಿಂದಿನಿಂದ ಎತ್ತಿದಳು. ಅದು ಎದ್ದಂತಾಗಿ, ಇಬ್ಬರನ್ನೂ ಕೆಡವಿಕೊಂಡು ಬಿತ್ತು. ಡಾಕ್ಟರು ಹೊರಗೆ ಬಂದು ಜಗುಲಿಯಲ್ಲಿ ಕೂತರು. ನಾಗಮ್ಮ ಕೊಟ್ಟ ಎಳನೀರನ್ನು ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ. ಕೇರಿಯಲ್ಲಿ ನಿಂತಿದ್ದ ಕೆಲವು ಹೋರಿ ಹಸುಗಳಿಗೆ ಚುಚ್ಚಿ ಹೋದರು. ಅವುಗಳಲ್ಲೂ ಉಳಿದದ್ದು ಕಡಿಮೆ. ಒಳಗೆ ರೋಗ ಆಗಲೇ ಹೊಕ್ಕಿತ್ತು.

ಹೂಳುವ ಗುಂಡಿಗಳಿಗೆ ಸುಣ್ಣ ಹಾಕಬೇಕೆಂದು ಅವರು ಹೇಳಿದ್ದರು. ಮೈಲುಗಲ್ಲಿಗೆಂದು ಬಂದ ಸುಣ್ಣವೆಲ್ಲ ಗುಂಡಿಗಳಿಗೆ ಹೋಯಿತು. ಆ ವರ್ಷ ನನ್ನ ರಸ್ತೆಯಲ್ಲಿ ಮೈಲುಗಲ್ಲುಗಳು ಬಳಿಯದೇ ಉಳಿದವು.

ಮಳೆ ಬಂದ ದಿನ ನಾವು ಮೋರಿಯ ಕೆಲಸದಲ್ಲಿದ್ದೆವು. ಪಡುವಣದಿಂದ ಗಾಳಿ ಎದ್ದಿತು, ಮಣ್ಣಿನ ವಾಸನೆ ಬಂತು, ದೊಡ್ಡ ಹನಿಗಳು ರಸ್ತೆಯ ಧೂಳಿನಲ್ಲಿ ಗುಳಿ ಮಾಡಿದವು. ಈಗ ಬುಟ್ಟಿ ಬಿಸಾಡುತ್ತಾರೆ, ಈಗ ಓಡುತ್ತಾರೆ ಎಂದು ನಾನು ಕಾದೆ. ಯಾರೂ ಓಡಲಿಲ್ಲ. ಸುತ್ತಿಗೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಗಂಡಸರೂ ಹೆಂಗಸರೂ ತಲೆಯಿಂದ ನೀರು ಸುರಿಯುತ್ತಿದ್ದಂತೆ ಖಡಿ ಒಡೆದರು. ಕೆಲಸ ಸಾಕು, ಮನೆಗೆ ಹೋಗಿ ಎಂದೆ.

"ಹೋಗಿ ಎಂತ ಮಾಡೂದು ಕಾರ್ಕೂನ್ರೆ?" ಎಂದ ಮಾದೇವ, ಕಲ್ಲಿನಿಂದ ಕಣ್ಣೆತ್ತದೆ.

ಇಷ್ಟು ವರ್ಷ ನೌಕರಿ ಮಾಡಿದೆ. ಹೇಳಿದ ಕೆಲಸವನ್ನು ಅಷ್ಟು ಶಿಸ್ತಿನಿಂದ ಮಾಡಿದ ಗ್ಯಾಂಗನ್ನು ಮತ್ತೆ ಕಾಣಲಿಲ್ಲ. ಅಂಥ ಶಿಸ್ತು ಬೇಡವಾಗಿತ್ತು.

ಆದರೂ ಅವನು ಗದ್ದೆ ಬಿಡಲಿಲ್ಲ. ಎತ್ತು ಬಾಡಿಗೆಗೆ ತರಲು ಮುರುಡೇಶ್ವರದ ಕಡೆಗೂ ಭಟ್ಕಳದ ಕಡೆಗೂ ಹೋಗಿ ಬಂದ. ರೋಗದ ಕೇರಿಗೆ ಯಾರೂ ತಮ್ಮ ಎತ್ತು ಕೊಡಲಿಲ್ಲ, ಕೊಡದಿದ್ದದ್ದು ಸರಿಯೇ. ಒಂದು ಬೆಳಿಗ್ಗೆ ನಾನು ರಸ್ತೆಯಲ್ಲಿ ನಡೆದು ಬರುವಾಗ ಕೆಳಗೆ ಗದ್ದೆಯಲ್ಲಿ ಮೂವರು ಕಂಡರು. ನೊಗದ ಒಂದು ಕಡೆಗೆ ಮಾದೇವ, ಇನ್ನೊಂದು ಕಡೆಗೆ ದೇವಿ. ಹಿಂದೆ ನೇಗಿಲು ಹಿಡಿದವಳು ನಾಗಮ್ಮ. ಆ ಸೀಮೆಯಲ್ಲಿ ಹೆಂಗಸರು ನೇಗಿಲು ಮುಟ್ಟುವುದಿಲ್ಲ. ಮುಟ್ಟಿದರೆ ಮಳೆ ಹೋಗುತ್ತದೆ ಎಂದು ಭಯ. ಮಳೆ ಸುರಿಯುತ್ತಲೇ ಇತ್ತು. ಕೆಸರು ಮೊಣಕಾಲಿನ ತನಕ. ಮಾದೇವ ಮುಂದಕ್ಕೆ ಬಗ್ಗಿ ಎಳೆಯುವನು, ನೇಗಿಲು ಒಂದು ಮಾರು ಹೋಗುವುದು, ನಿಲ್ಲುವುದು. ನಾಗಮ್ಮ ಕೋಣಗಳಿಗೆ ಹೇಳುತ್ತಿದ್ದ ಮಾತನ್ನು ಅಭ್ಯಾಸಬಲದಿಂದ ಒಮ್ಮೆ ಕೂಗಿಬಿಟ್ಟಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ನಾನು ಮೇಲಿನಿಂದ ಹಾಗೇ ದಾಟಿ ಹೋದೆ. ಅವರು ನನ್ನನ್ನು ನೋಡುವುದು ಬೇಡವೆನಿಸಿತು.

ಹಾಗೆ ಉತ್ತದ್ದು ಒಂದು ಮೂಲೆ. ಅಷ್ಟಕ್ಕೆ ಸಸಿ ನೆಟ್ಟರು. ಬೇರೆ ಗದ್ದೆಗಳಲ್ಲಿ ಹುಲ್ಲು ಬೆಳೆಯಿತು. ಆ ವರ್ಷ ಕೇರಿಯ ಕಡೆಯಿಂದ ಹಾಡು ಕೇಳಲಿಲ್ಲ. ನೆಟ್ಟ ಮೂಲೆಯಲ್ಲೂ ನಾಗಮ್ಮ ಸಾಲು ಎತ್ತಿಕೊಡಲಿಲ್ಲ. ನವರಾತ್ರಿಯ ಹೊತ್ತಿಗೆ ಒಡೆಯರ ಜನ ಬಂದು ನೋಡಿ ಹೋದರು. ಆಮೇಲೆ ಹೇಳಿ ಕಳಿಸಿದರು, ಮುಂದಿನ ಸಾಲಿಗೆ ಗದ್ದೆ ಬೇರೆಯವರಿಗೆ ಎಂದು. ಕೂಗಾಟ ಏನೂ ಇರಲಿಲ್ಲ. ಮಾತು ಮೊದಲೇ ಆಗಿತ್ತಲ್ಲ.

ಘಟ್ಟದ ಮೇಲೆ ಇದ್ದಲಿ ಸುಡುವಲ್ಲಿ ಜನ ಬೇಕಾಗಿತ್ತು. ಮಾದೇವ ಅಲ್ಲಿಗೆ ಹೊರಟ. ಹೊರಟ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂದಿತ್ತು. ದೇವಿಯ ತಲೆಯ ಮೇಲೆ ಪಾತ್ರೆಗಳ ಗಂಟು, ಮಾದೇವನ ಹೆಗಲಿಗೆ ಚಾಪೆ. ನಾನು ರಸ್ತೆಯ ಮೇಲಿದ್ದೆ. ನಾಗಮ್ಮ ಮರಿಗೆಯ ಬಳಿ ನಿಂತಳು. ಅದರಲ್ಲಿ ಮಳೆಯ ನೀರು ಅಂಚಿನ ತನಕ ತುಂಬಿತ್ತು.

"ಕಾರ್ಕೂನ್ರೆ, ಒಂದು ಕೇಳ್ಲಾ? ಆ ದನದ ಡಾಕ್ಟ್ರು ಎಂತ ಹೇಳ್ರು? ಅದು ನಮ್ಮ ಬಸವ ಹೌದೋ ಅಲ್ದೋ?"

ಇಷ್ಟು ದಿನ ಅವಳು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಮಾದೇವ ನನ್ನ ಮುಖ ನೋಡಿದ. ಹೇಳಿ ಎಂದೋ ಬೇಡವೆಂದೋ, ನನಗೆ ತಿಳಿಯಲಿಲ್ಲ.

"ಅಲ್ಲ ನಾಗಮ್ಮ," ಎಂದೆ. "ಅದು ಕಾಡುಕೋಣ. ಕಾಡಿನದೇ. ರೋಗ ಬಂದು ದಾರಿ ತಪ್ಪಿ ಇಳಿದದ್ದು."

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ತಿರುಗಿ ಗುಡ್ಡದ ಕಡೆ ನೋಡಿದಳು. ಮಳೆ ತೊಳೆದ ಗುಡ್ಡ ಹತ್ತಿರ ಕಾಣುತ್ತಿತ್ತು. ಅದರ ನೆತ್ತಿಯಲ್ಲಿ ಮರ ಕಡಿದ ಬೋಳು ಜಾಗ.

"ಹಂಗಾರೆ ನಮ್ಮದು ಇನ್ನೂ ಅಲ್ಲೇ ಅದೆ," ಎಂದಳು.

ಅವಳು ಮರಿಗೆಯ ನೀರಿನ ಕಡೆ ತಿರುಗಿದಳು.

"ಬಾಯಾರಿದ್ರೆ ಇಲ್ಲಿಗೇ ಬತ್ತದೆ ಅದು. ಬಂದು ಈ ರೋಗದ ಮರಿಗೇಲೇ ಕುಡೀತದೆ." ಮರಿಗೆಯ ಅಂಚು ಹಿಡಿದು ನೂಕಿದಳು. ಕಲ್ಲು ಅಲುಗಲಿಲ್ಲ. "ಮಾದೇವಾ, ಇದನ್ನ ಮಗುಚಿ ಹೋಗ್ವಾ ಬಾ."

ಮರಿಗೆ ಖಾತೆಯ ಸೊತ್ತು. ನಾನು ಹೋಗಿ ಹಾರೆ ತಂದೆ. ಮಾದೇವ ಒಂದು ತುದಿಗೆ ಹೆಗಲು ಕೊಟ್ಟ, ನಾನು ಅಡಿಗೆ ಹಾರೆ ಹಾಕಿ ಮೀಟಿದೆ. ಮೂಲೆಯೊಂದು ಒಡೆದು ಹಾರಿತು. ನೀರೆಲ್ಲ ರಸ್ತೆಗೆ ಚೆಲ್ಲಿ ಹರಿಯಿತು, ಕಲ್ಲು ಮಗುಚಿ ಬಿತ್ತು. ನಾಗಮ್ಮ ಅದರ ಬೆನ್ನಿನ ಮೇಲೆ ಒಮ್ಮೆ ಕೈ ಇಟ್ಟು ನೋಡಿದಳು. "ಆತು," ಎಂದಳು. ಮೂವರೂ ಮೂಡು ದಾರಿ ಹಿಡಿದು ಹೋದರು.

ಎರಡು ಮಳೆಗಾಲದ ಆಚೆ ಇಸ್ಮಾಯಿಲ್ ಸಾಬರು ಬಸ್ಸು ನಿಲ್ಲಿಸಿ ಸುದ್ದಿ ಹೇಳಿದರು. ಮಾದೇವನಿಗೆ ಘಟ್ಟದ ಮೇಲೆ ಮತ್ತೆ ಚಳಿಜ್ವರ ಬಂದಿತ್ತು. ಈ ಸಲ ಏಳಲಿಲ್ಲ. ಬಿಡಲು ಅವರ ಹತ್ತಿರ ಕರು ಇರಲಿಲ್ಲ. ನಾಗಮ್ಮ, ದೇವಿ ಎಲ್ಲಿಗೆ ಹೋದರೆಂದು ಸಾಬರಿಗೂ ಗೊತ್ತಿರಲಿಲ್ಲ.

ಓವರಸೀಯರರು ತಪಾಸಣೆಗೆ ಬಂದಾಗ ಮರಿಗೆಯನ್ನು ಕಂಡರು. ಅದನ್ನು ಎತ್ತಿ ಮೊದಲಿನಂತೆ ಇಡಿಸತಕ್ಕದ್ದು ಎಂದು ಬರೆದು ಕೊಟ್ಟರು. ಮರುವರ್ಷವೂ ಬರೆದರು. ನನ್ನ ಇಡೀ ನೌಕರಿಯಲ್ಲಿ ಮೇಲಿನವರು ಹೇಳಿದ್ದನ್ನು ಮಾಡದೆ ಬಿಟ್ಟದ್ದು ಅದೊಂದೇ.